ಏರ್‌ಟೈಟ್ ಡಬ್ಬಿಯೊಳಗಿನ ಹಳೇ ಅರ್ಥ

ಏರ್‌ಟೈಟ್ ಡಬ್ಬಿ ಅಂತೀವಲ್ಲ,
ಅದರಲ್ಲಿ ಟೈಟ್ ಆಗಿರೋದು ಏನು?
ಗಾಳೀನಾ?

ಅಲ್ಲ. ಗಾಳಿ ಒಳಗೆ ನುಸುಳಲ್ಲ ಅಂತ ಅರ್ಥ.

ಮೂಡಿಗೆರೆ, ಕಳಸದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.
ಕಣದಲ್ಲಿ ಒಣಗಿಸಿ ಒಣಗಿಸಿ
ಪಾರ್ಚ್‌ಮೆಂಟ್ ಕಾಫಿಯ, ಅಂದ್ರೆ ಹಣ್ಣಿನ ಸಿಪ್ಪೆ ಸುಲಿದ ಬೀಜದ ತೇವಾಂಶವನ್ನ
ನೂರಕ್ಕೆ 10ರ ಹತ್ತಿರ ತಂದಿರ್ತಾರೆ.
ಮಳೆಗಾಲದ ಥಂಡಿ ಗಾಳಿ ತಾಗಿದ್ರೆ
ಬೀಜ ಮತ್ತೆ ತೇವ ಹೀರುತ್ತೆ, ಬಣ್ಣ ಬಿಳಚಿಕೊಳ್ಳುತ್ತೆ.
ಪುಡಿಯಂತೂ ಗಂಟುಗಂಟು!

ಈಗ ಪದದ ಕಥೆ ಕೇಳಿ.
ಟೈಟ್ ಅನ್ನೋದರ ಮೊದಲ ಅರ್ಥ ಬಿಗಿ ಅಲ್ಲ.
ದಟ್ಟ. ಒತ್ತೊತ್ತಾಗಿ ಸೇರಿದ್ದು.
ಬೇರು ಇರೋದು ಸ್ಕ್ಯಾಂಡಿನೇವಿಯಾದ ಹಳೇ ನಾರ್ಸ್ ಭಾಷೆ ಕಡೆ.
ಆಗ ಮೊದಲಕ್ಷರ ‘ಟ’ ಅಲ್ಲ, ‘ಥ’.
ಇದೇ ಬಳಗದ ಒಂದು ಪದ ಜರ್ಮನ್‌ನಲ್ಲಿದೆ, ‘ಡಿಶ್ಟ್’.
ಅದಕ್ಕೆ ಇವತ್ತಿಗೂ ದಟ್ಟ ಅಂತಾನೂ ಅರ್ಥ,
ಸೋರದೇ ಇರೋದು ಅಂತಾನೂ ಅರ್ಥ.

ಹಡಗಿನವರ ಬಾಯಲ್ಲಿ ಈ ಪದ ಚೆನ್ನಾಗಿ ಓಡಾಡ್ತು.
ಹಲಗೆಗೆ ಹಲಗೆ ಕೂತು, ಹನಿ ನೀರೂ ಬರದಿದ್ರೆ
ಅದು ಟೈಟ್ ಹಡಗು.
ನಮ್ಮ ಮಲೆನಾಡಿನ ಹೆಂಚಿನ ಮಾಡಿನ ಹಾಗೆ!
ಒಂದು ಹೆಂಚು ಜರುಗಿದ್ರೆ ಸಾಕು,
ಕೆಳಗಿಟ್ಟ ಪಾತ್ರೆಗೆ ರಾತ್ರಿಯಿಡೀ
ತೊಟ್... ತೊಟ್...

ಎಳೆದು ಕಟ್ಟಿದ ಹಗ್ಗ, ಮೈಗಂಟೋ ಬಟ್ಟೆ,
ಪುರುಸೊತ್ತಿಲ್ಲದ ದಿನ,
ಇವೆಲ್ಲಾ ಟೈಟ್ ಆಗಿದ್ದು ಆಮೇಲೆ.

ಮತ್ತೆ ಕುಡಿದವರಿಗೆ ‘ಫುಲ್ ಟೈಟ್’ ಅಂತೀವಲ್ಲ?
ಅದು ನಾವೇ ಕಟ್ಟಿದ ಮಾತು ಅಂದ್ಕೊಂಡಿದ್ರಾ?
ಕುಡಿದವರನ್ನ ಟೈಟ್ ಅನ್ನೋದು
19ನೇ ಶತಮಾನದ ಇಂಗ್ಲಿಷಿನಲ್ಲೇ ಇತ್ತು.
‘ಫುಲ್’ ಸೇರಿಸಿ ಒತ್ತು ಕೊಟ್ಟಿದ್ದು ನಾವು.