ಮನಶ್ಶಾಸ್ತ್ರ ಓದಿದ್ರೆ ಎದುರಿನವರ ಮನಸ್ಸು ಓದೋಕೆ ಬರುತ್ತಾ?

ಕೊಡ್ಲಿಪೇಟೆ: ಪಿಯುಸಿಯಲ್ಲಿ ಮನಶ್ಶಾಸ್ತ್ರ ತಗೋತೀನಿ ಅಂತ ಮಗಳು ಹೇಳಿದ್ರೆ ಮನೆಯಲ್ಲಿ ಬರುವ ಮೊದಲ ಪ್ರಶ್ನೆ, 'ಅದು ಹುಚ್ಚರಿಗೆ ಔಷಧಿ ಕೊಡೋ ಓದಾ?' ಎರಡನೆಯದು, 'ನಮ್ಮ ಮನಸ್ಸಲ್ಲಿರೋದೆಲ್ಲ ಗೊತ್ತಾಗುತ್ತಾ?' ಎರಡಕ್ಕೂ ಉತ್ತರ: ಇಲ್ಲ.

ಮನುಷ್ಯ ಹೇಗೆ ಕಲಿಯುತ್ತಾನೆ, ಯಾಕೆ ಮರೆಯುತ್ತಾನೆ, ಯಾಕೆ ಹೆದರುತ್ತಾನೆ ಎಂಬುದನ್ನು ಪ್ರಯೋಗದಿಂದ ತಿಳಿಯುವ ಶಾಸ್ತ್ರ ಇದು. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಇದಕ್ಕಾಗಿ ಪ್ರಯೋಗಾಲಯ ತೆರೆದರು. ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನಲ್ಲಿ ರೇಡಿಯೋ ಕೇಂದ್ರ ಆರಂಭಿಸಿದವರು.

ಆನೆ ಮತ್ತು ಪಾವ್ಲೋವ್

ರಷ್ಯಾದ ಪಾವ್ಲೋವ್, ನಾಯಿಗೆ ಊಟ ಕೊಡುವ ಮುನ್ನ ಪ್ರತಿ ಸಲ ಒಂದು ಶಬ್ದ ಕೇಳಿಸಿದರು. ಕೊನೆಗೆ ಬರೀ ಶಬ್ದಕ್ಕೇ ನಾಯಿ ಬಾಯಲ್ಲಿ ನೀರೂರಿತು. ಕಾಫಿ ತೋಟದಲ್ಲಿ ಆನೆ ಅಟ್ಟಿಸಿಕೊಂಡು ಬಂದು ಪಾರಾದವರಿಗೆ ಆಮೇಲೆ ಗಿಡ ಅಲ್ಲಾಡಿದರೂ ಎದೆ ಹೊಡೆದುಕೊಳ್ಳುವುದು ಇದೇ ರೀತಿ. 2018ರ ಭೂಕುಸಿತ ಕಂಡವರಿಗೆ ಜೋರು ಮಳೆ ಸದ್ದಿಗೆ ನಿದ್ದೆ ಹಾರಿದರೆ ಅದು ಹೇಡಿತನ ಅಲ್ಲ. ಮನಸ್ಸು ಕಲಿತ ಪಾಠ.

ಪರೀಕ್ಷೆಗೂ ಉಪಯೋಗ

ಓದಿದ್ದರಲ್ಲಿ ಹೆಚ್ಚಿನ ಪಾಲು ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂದು ಎಬಿಂಗ್‌ಹಾಸ್ 1885ರಲ್ಲೇ ತೋರಿಸಿದ್ದರು. ಹಾಗಾಗಿ ಒಂದೇ ರಾತ್ರಿ ಕೂತು ಉರು ಹೊಡೆಯೋದಕ್ಕಿಂತ, ಬಿಟ್ಟು ಬಿಟ್ಟು ಓದಿ, ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳೋದು ಒಳ್ಳೇದು.

ಮುಂದೇನು?

ಎಲ್ಲ ಕಾಲೇಜಲ್ಲೂ ಈ ವಿಷಯ ಇರಲ್ಲ, ಸೇರುವ ಮೊದಲು ವಿಚಾರಿಸಿ. ಔಷಧಿ ಬರೆಯುವ ಮನೋವೈದ್ಯರಾಗಲು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಬೇಕು. ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಲು ಪದವಿಯ ನಂತರವೂ ಓದಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಬೇಕು.

ಇನ್ನೊಂದು ಮಾತು. ನಾಲ್ಕು ಪಾಠ ಓದಿ ಅಕ್ಕಪಕ್ಕದವರಿಗೆ 'ನಿಂಗೆ ಡಿಪ್ರೆಶನ್' ಅಂತ ಹಣೆಪಟ್ಟಿ ಕಟ್ಟಬೇಡಿ. ಯಾರಾದ್ರೂ ನಿಜವಾಗಿ ಸಂಕಟದಲ್ಲಿದ್ದರೆ ಕೂತು ಕೇಳಿಸಿಕೊಳ್ಳಿ, ಟೆಲಿ ಮಾನಸ್ ಸಹಾಯವಾಣಿ 14416 ನಂಬರ್ ಕೊಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.