ಮೋಡ ಕಟ್ಟಿದರೆ ನನಗೆ ಗೋಡೆಯದೇ ಚಿಂತೆ

ಮಳೆಗಾಲ ಬಂತೆಂದರೆ ಬಿಸಿ ಬಜ್ಜಿ, ಕಾಫಿ ಅಂತ ಎಲ್ಲರೂ ಖುಷಿಪಡುವ ಹೊತ್ತಿಗೆ ನಾನು ಗೋಡೆ ನೋಡುತ್ತಾ ಕೂರುತ್ತಿದ್ದೆ. ಗುಡುಗು, ಸಿಡಿಲು ಉಡುಪಿಯಲ್ಲೇ ಹುಟ್ಟಿ ಬೆಳೆದವಳಿಗೆ ಹೊಸತೇನಲ್ಲ. ನನಗೆ ಹೆದರಿಕೆ ಬೂಷ್ಟಿನದು.

ಹಿಂದೆ ನಾವು ನಾಲ್ಕು ಮಳೆಗಾಲ ಕಳೆದದ್ದು ಒಂದು ಹಳೆಯ ತಾರಸಿಯ ಬಾಡಿಗೆ ಮನೆಯಲ್ಲಿ. ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ಗಾಳಿಮಳೆ ನೇರ ಬಡಿಯುತ್ತಿತ್ತು. ಮೊದಲ ವರ್ಷ ಮೂಲೆಯಲ್ಲೊಂದು ತೇವದ ಕಲೆ, ಮರುವರ್ಷ ಕರಿ ಚುಕ್ಕಿಗಳು, ಮೂರನೆಯ ವರ್ಷ ಕಪಾಟು ಸರಿಸಿದರೆ ಹಿಂದಿನ ಗೋಡೆಯಿಡೀ ಕಪ್ಪು-ಹಸಿರು ಮಖಮಲ್ಲು ಹೊದ್ದ ಹಾಗೆ. ರೇಷ್ಮೆ ಸೀರೆ, ಚರ್ಮದ ಚಪ್ಪಲಿ, ಮಗಳ ಪುಸ್ತಕ, ಯಾವುದನ್ನೂ ಬಿಡಲಿಲ್ಲ. ಮನೆ ಮಾಲೀಕರು ಪ್ರತಿ ಏಪ್ರಿಲ್‌ನಲ್ಲಿ ಅದರ ಮೇಲೆಯೇ ಪೇಂಟ್ ಹೊಡೆಸುತ್ತಿದ್ದರು. ಜುಲೈಗೆ ಅದು ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ನೀರು ಎಲ್ಲಿಂದ ಒಳಗೆ ಬರುತ್ತಿದೆ ಅಂತ ನೋಡದೆ ಬಣ್ಣ ಬಳಿದರೆ ಇನ್ನೇನಾದೀತು?

ಆಗ ಐದು ವರ್ಷದವಳಾಗಿದ್ದ ಮಗಳಿಗೆ ರಾತ್ರಿಯಿಡೀ ಕೆಮ್ಮು, ಉಸಿರಾಡಿದರೆ ಎದೆಯೊಳಗೆ ಸಿಳ್ಳೆಯ ಸದ್ದು. ಮಕ್ಕಳ ಡಾಕ್ಟರು ಮೊದಲು ಕೇಳಿದ್ದೇ, "ಮನೆಯಲ್ಲಿ ಬೂಷ್ಟು ಉಂಟಾ?" ಅಂತ. ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅಂಥ ಮನೆಗಳಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ಅಸ್ತಮಾ ಹೆಚ್ಚು ಎಂದು ಅದರಲ್ಲಿದೆ. ಇನ್‌ಹೇಲರ್ ಶುರುವಾಯಿತು. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಗುವಿನ ಮುಖಕ್ಕೆ ನೆಬ್ಯುಲೈಸರ್ ಹಿಡಿದು ಕೂತದ್ದೂ ಆಯಿತು. ಹೊರಗೆ ಮಾಡು ಹಾರಿಹೋಗುವಂಥ ಗಾಳಿಮಳೆ.

ಮನೆ ಬದಲಾಯಿಸಿದೆವು. ಈಗಿನ ಮನೆಯ ತಾರಸಿಗೆ ಶೀಟಿನ ಮಾಡು ಉಂಟು, ಗೋಡೆ ಒಣ. ಮಗಳು ಹುಷಾರಾದಳು. ನಾನು ಮಾತ್ರ ಆಗಲಿಲ್ಲ. ಮೋಡ ಕಟ್ಟಿದರೆ ಎದೆ ಡವಡವ, ಅಂಗೈ ಬೆವರು. ಮಧ್ಯರಾತ್ರಿ ಟಾರ್ಚ್ ಹಿಡಿದು ಕಪಾಟಿನ ಹಿಂದೆ ಮೂಸುವುದು, ಮೊಬೈಲಿನಲ್ಲಿ ಹವಾಮಾನ ಗಂಟೆಗೆ ಹತ್ತು ಸಲ. "ಮನೆ ಬದಲಾಯ್ತಲ್ಲ ಮಾರಾಯ್ತಿ, ಇನ್ನೆಂತ ಹೆದರಿಕೆ?" ಅಂತ ಇವರು ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಆಪ್ತಸಮಾಲೋಚಕಿಯೊಬ್ಬರಿಂದ. ಕಷ್ಟದ ಹೊತ್ತಿನಲ್ಲಿ ಕೇಳಿದ ಸದ್ದು, ಮೂಗಿಗೆ ಬಡಿದ ವಾಸನೆ, ಇವನ್ನೆಲ್ಲ ಮೈ ಅಪಾಯದ ಸೂಚನೆ ಅಂತ ನೆನಪಿಟ್ಟುಕೊಳ್ಳುತ್ತದಂತೆ. ಕಷ್ಟ ಕಳೆದರೂ ಆ ನೆನಪು ಉಳಿಯುತ್ತದೆ. ಸಾಲದ್ದಕ್ಕೆ, ಪ್ರತಿ ಸಲ ಗೋಡೆ ಮುಟ್ಟಿ ಸಮಾಧಾನ ಪಟ್ಟುಕೊಂಡಷ್ಟೂ, ಮುಟ್ಟದೆ ಸಮಾಧಾನವಿಲ್ಲ ಎಂಬ ಅಭ್ಯಾಸ ಬಲಿಯುತ್ತದೆ. "ನೋಡಲೇಬೇಡಿ ಅನ್ನುವುದಿಲ್ಲ. ಹೊತ್ತು ಗೊತ್ತುಮಾಡಿಕೊಂಡು ನೋಡಿ" ಅಂದರು.

ಬೆಳಿಗ್ಗೆ ಏಳು, ಸಂಜೆ ಏಳು. ಕಿಟಕಿಯ ಮೂಲೆ, ಕಪಾಟಿನ ಹಿಂದೆ, ಬಚ್ಚಲಿನ ಗೋಡೆ, ಸಿಂಕಿನ ಕೆಳಗೆ. ಐದು ನಿಮಿಷದ ಕೆಲಸ, ಮುಗಿಸಿ ಕ್ಯಾಲೆಂಡರಿನಲ್ಲಿ ಒಂದು ಟಿಕ್. ನಡುವೆ ಮನಸ್ಸು ಎಳೆದರೆ "ಸಂಜೆ ಏಳಕ್ಕೆ" ಅಂತ ಹೇಳಿಕೊಳ್ಳುವುದು. ಮೊದಲ ವಾರ ಹಲ್ಲು ಕಚ್ಚಿ ಕೂತೆ. ಆಗ ಧೈರ್ಯ ಕೊಟ್ಟದ್ದು ಒಂದು ಲೆಕ್ಕ. ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಸಾಮಾನ್ಯವಾಗಿ ಬೂಷ್ಟು ಬೆಳೆಯುವುದಿಲ್ಲ. ಅಂದರೆ ಮಳೆ ಹೊಯ್ದ ರಾತ್ರಿ ನಾನು ನಿದ್ದೆ ಮಾಡಿ, ಬೆಳಿಗ್ಗೆ ಎದ್ದು ನೋಡಿದರೂ ತಡವಾಗುವುದಿಲ್ಲ!

ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ದಿನಕ್ಕೆರಡೇ ಸಲ ನೋಡುತ್ತೇನೆ. ಯೆಲ್ಲೋ ಅಲರ್ಟ್ ಅಂದರೆ ಗಮನವಿರಲಿ, ಆರೆಂಜ್ ಅಂದರೆ ಸಿದ್ಧರಾಗಿರಿ, ರೆಡ್ ಅಂದರೆ ಕ್ರಮ ಕೈಗೊಳ್ಳಿ ಅಂತ ಅರ್ಥ. ಟಿವಿಯವರು ಮೂರಕ್ಕೂ ಒಂದೇ ಸ್ವರದಲ್ಲಿ ಕಿರುಚುತ್ತಾರೆ, ಅದು ಬೇರೆ ಮಾತು. ಸಿಡಿಲಿಲ್ಲದ ದಿನ ಮಳೆ ಬರುವಾಗ ಸಿಟೌಟಿನಲ್ಲಿ ಐದು ನಿಮಿಷ ಕೂರಬೇಕು ಅಂತಲೂ ಆಪ್ತಸಮಾಲೋಚಕಿ ಹೇಳಿದ್ದರು. ಐದು ನಿಮಿಷ ಹತ್ತಾಯಿತು, ಈಗ ಅರ್ಧ ಗಂಟೆ ಕೂರುತ್ತೇನೆ, ಮಗಳ ಹೋಂವರ್ಕ್ ಅಲ್ಲೇ.

ಮನೆಯ ಕೆಲಸವನ್ನಂತೂ ಬಿಟ್ಟಿಲ್ಲ. ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರ. ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ಹರವುವುದಿಲ್ಲ. ಜಡಿಮಳೆಯಲ್ಲಿ ಕಿಟಕಿ ತೆರೆದರೆ ಹೊರಗಿನ ತೇವವೇ ಒಳಗೆ ಬರುತ್ತದೆ, ಬಿಸಿಲು ಇಣುಕಿದಾಗ ತೆರೆಯಬೇಕು. ಕೋಣೆಯ ತೇವಾಂಶ ಶೇಕಡ 60ಕ್ಕಿಂತ ಕಡಿಮೆ ಇರಲಿ ಅನ್ನುತ್ತಾರೆ. ಜುಲೈ ತಿಂಗಳ ಉಡುಪಿಯಲ್ಲಿ ಅದು ಕನಸು ಬಿಡಿ. ನುಸಿಗುಳಿಗೆ ಹುಳಕ್ಕೆ ಮದ್ದು, ತೇವಕ್ಕಲ್ಲ. ಗೋಡೆ ಒರೆಸಲು ಬ್ಲೀಚ್ ಬಳಸುವವರು ಅದಕ್ಕೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ.

ದೊಡ್ಡ ಗುಡುಗಿಗೆ ಈಗಲೂ ಎಚ್ಚರವಾಗುತ್ತದೆ. ಮಗಳ ಉಸಿರು ಒಂದು ಸಲ ಕೇಳಿಸಿಕೊಂಡು ಮಗ್ಗುಲು ಬದಲಿಸುತ್ತೇನೆ. ಟಾರ್ಚ್ ಮೇಜಿನ ಮೇಲೇ ಇರುತ್ತದೆ.

ನಿಮಗೂ ಇಂಥದ್ದೇ ಹೆದರಿಕೆಯಿದ್ದು, ಹೇಳಿಕೊಳ್ಳಲು ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ ಉಂಟು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಗೋಡೆಗೆ ಹೆದರುತ್ತೇನೆ ಅಂತ ಹೇಳಲು ನಾಚಿಕೆಯಾದರೂ ಹೇಳಿ.