ವಾಗ್ದಾನವನ್ನು ನಂಬುವುದೆಂದರೇನು?

ದೇವರು ಒಳ್ಳೆಯವನು, ಆತನ ಮಾತು ಸುಳ್ಳಾಗದು ಎಂಬುದನ್ನು ನಮ್ಮ ಶಾಲೆಯಲ್ಲಿ ಕಲಿತ ಪ್ರತಿಯೊಬ್ಬ ಬಾಲಕಿಯೂ ಬಲ್ಲಳು. ಆದರೆ ಮನೆಯೊಳಗೆ ರೋಗವು ಹೊಕ್ಕಾಗ, ಮಳೆಯಿಲ್ಲದೆ ಬೆಳೆಯು ಒಣಗಿದಾಗ, ಮಡಿಲಿನ ಕೂಸನ್ನು ಮಣ್ಣಿಗೆ ಒಪ್ಪಿಸಬೇಕಾದಾಗ, ಆ ಮಾತಿನ ಅರ್ಥವೇನೆಂಬ ಪ್ರಶ್ನೆಯು ಭಕ್ತರ ಮನಸ್ಸಿನಲ್ಲಿಯೂ ಏಳುವುದು. ಅದನ್ನು ಅವಿಶ್ವಾಸವೆಂದು ಗದರಿಸುವುದಕ್ಕಿಂತ ವಿಚಾರಿಸಿ ನೋಡುವುದು ಮೇಲು.

ಮೊದಲನೆಯದಾಗಿ, ದೇವರ ವಾಗ್ದಾನವು ಬೇರೆ, ನಮ್ಮ ಬಯಕೆಯು ಬೇರೆ. ತನ್ನ ಮಕ್ಕಳಿಗೆ ಕಷ್ಟವೇ ಬಾರದೆಂದು ಆತನು ಎಲ್ಲಿಯೂ ಮಾತು ಕೊಟ್ಟಿಲ್ಲ. ಲೋಕದಲ್ಲಿ ಸಂಕಟವುಂಟೆಂದು ಕರ್ತನಾದ ಯೇಸುವು ಶಿಷ್ಯರಿಗೆ ಮುಂದಾಗಿಯೇ ತಿಳಿಸಿದನು. ಕೊಟ್ಟಿರುವ ಮಾತಾದರೋ, ಪಾಪವನ್ನು ಕ್ಷಮಿಸುವನೆಂಬುದು, ಸಂಕಟದಲ್ಲಿ ಕೈಬಿಡನೆಂಬುದು, ಮರಣವೂ ನಮ್ಮನ್ನು ಆತನ ಪ್ರೀತಿಯಿಂದ ಅಗಲಿಸಲಾರದೆಂಬುದು. ಈ ಭೇದವನ್ನು ಅರಿಯದವರು ತಾವು ಬಯಸಿದ್ದು ನಡೆಯದಾಗ ದೇವರೇ ಮಾತು ತಪ್ಪಿದನೆಂದು ಎಣಿಸುವರು.

ಎರಡನೆಯದಾಗಿ, ನಂಬುವುದೆಂದರೆ ಕೈಕಟ್ಟಿ ಕುಳಿತಿರುವುದಲ್ಲ. ವನದುರ್ಗದ ಕೋಟೆಯ ಗೋಡೆಗಳನ್ನು ಕಂಡವರು, ಶತ್ರುಗಳು ಮುತ್ತಿದ ಪಟ್ಟಣವೊಂದರ ಭಯವನ್ನು ಊಹಿಸಬಲ್ಲರು. ಬಾಬೆಲಿನ ಸೈನ್ಯವು ಯೆರೂಸಲೇಮನ್ನು ಹಾಗೆ ಮುತ್ತಿದ್ದಾಗ ಪ್ರವಾದಿಯಾದ ಯೆರೆಮೀಯನು ಸೆರೆಯಲ್ಲಿದ್ದನು. ಆ ಗಳಿಗೆಯಲ್ಲಿ ಅವನು ಅನಾತೋತಿನ ಹೊಲವೊಂದನ್ನು 17 ಶೆಕೆಲ್ ಬೆಳ್ಳಿಗೆ ಕೊಂಡು, ಸಾಕ್ಷಿಗಳನ್ನು ಹಾಕಿಸಿ, ಖರೀದಿ ಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಭದ್ರಪಡಿಸಿದನು. ಈ ದೇಶದಲ್ಲಿ ಜನರು ಮತ್ತೆ ಹೊಲಮನೆಗಳನ್ನು ಕೊಳ್ಳುವರೆಂದು ದೇವರು ನುಡಿದಿದ್ದುದೇ ಅದಕ್ಕೆ ಕಾರಣ. ಪತ್ರವಾದ ಮೇಲೆ ಅವನ ಮನಸ್ಸೂ ಕಳವಳಗೊಂಡಿತು. ಅದನ್ನು ಅವನು ಮರೆಮಾಚದೆ ದೇವರ ಮುಂದೆಯೇ ಇಟ್ಟನು. ಸಂದೇಹವನ್ನು ಪ್ರಾರ್ಥನೆಯಾಗಿ ಮಾಡುವುದೂ ವಿಶ್ವಾಸವೇ ಸರಿ.

ಇದು ಪೂರ್ವಕಾಲದವರಿಗೆ ಮಾತ್ರ ಸಾಧ್ಯವಾದುದಲ್ಲ. 1858ರಲ್ಲಿ ಜನಿಸಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಶೈಶವವನ್ನು ಕಳೆದ ಪಂಡಿತಾ ರಮಾಬಾಯಿಯವರು, ಕ್ಷಾಮದ ದಿನಗಳಲ್ಲಿ ತಂದೆತಾಯಿಗಳನ್ನೂ ಅಕ್ಕನನ್ನೂ ಕಳೆದುಕೊಂಡರು. 1880ರಲ್ಲಿ ಅಣ್ಣನೂ 1882ರಲ್ಲಿ ಪತಿಯೂ ತೀರಿಹೋದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದ ಈ ವಿಧವೆಯು, 1896-97ರ ಬರಗಾಲದಲ್ಲಿ ಹಸಿದ ನೂರಾರು ಬಾಲಕಿಯರನ್ನು ಕರೆತಂದು ಪುಣೆಯ ಸಮೀಪದ ಕೇಡಗಾಂವಿನಲ್ಲಿ ಆಶ್ರಯ ಕೊಟ್ಟರು. ಹಸಿವನ್ನು ಕಂಡಿದ್ದ ಕೈಯೇ ಹಸಿದವರಿಗೆ ಅನ್ನವಿಕ್ಕಿತು. ಶಹಾಪುರ ಸುರಪುರಗಳು 2010ರವರೆಗೆ ಸೇರಿದ್ದ ಗುಲಬರ್ಗಾ ಜಿಲ್ಲೆಗೂ ಆ ಉಪಕಾರವು ಮುಟ್ಟಿತು. 1912ರಲ್ಲಿ ಅವರು ಗುಲಬರ್ಗಾದಲ್ಲಿ ಶಾಲೆಯನ್ನು ಸ್ಥಾಪಿಸಲು, ಮಗಳಾದ ಮನೋರಮಾಬಾಯಿಯವರು ಅದರ ಮುಖ್ಯಾಧ್ಯಾಪಿಕೆಯಾದರು. ಆ ಒಬ್ಬಳೇ ಮಗಳು 1921ರಲ್ಲಿ ತೀರಿಕೊಂಡಳು. ತಾಯಿಯು ಸತ್ಯವೇದವನ್ನು ಮರಾಠಿಗೆ ತಿರುಗಿಸುವ ತಮ್ಮ ಕೆಲಸವನ್ನು ಬಿಡಲಿಲ್ಲ. ಅದನ್ನು ಮುಗಿಸಿಯೇ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಅವರಿಗೆ ದುಃಖವು ತಪ್ಪಲಿಲ್ಲ. ದುಃಖದಲ್ಲಿ ಆಧಾರವೂ ತಪ್ಪಲಿಲ್ಲ.

ಹಾಗಾದರೆ ನಾವು ಮಾಡತಕ್ಕದ್ದೇನು? ನಮ್ಮ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳವು ಮಳೆ ನಿಂತ ಮೇಲೆಯೂ ಬೆಳೆಯುವುದು. ಮಳೆಗಾಲದಲ್ಲಿ ಮಣ್ಣು ಹಿಡಿದಿಟ್ಟ ತೇವವೇ ಅದಕ್ಕೆ ಜೀವ. ಬಾಲ್ಯದಲ್ಲಿ ಬಾಯಿಪಾಠ ಮಾಡಿದ ವೇದವಚನಗಳೂ ಹಾಗೆಯೇ. ಹಳೆಯ ವಿದ್ಯಾರ್ಥಿನಿಯರೇ, ಅವುಗಳನ್ನು ಮರೆಯದಿರಿ. ಅಂದಂದಿನ ಕೆಲಸವನ್ನು ಅಂದಂದಿಗೆ ಮಾಡಿರಿ. ಅಳುವವರಿಗೆ ಉಪದೇಶ ಹೇಳುವ ಮೊದಲು ಅವರೊಡನೆ ಕುಳಿತು ಅಳಿರಿ. ತಂದೆತಾಯಿಗಳೇ, ನೀವು ಮಕ್ಕಳಿಗೆ ಕೊಟ್ಟ ಚಿಕ್ಕ ಮಾತನ್ನೂ ನಡೆಸಿಕೊಡಿರಿ; ಮಾತು ತಪ್ಪದ ತಂದೆಯನ್ನು ಕಂಡ ಮಗುವಿಗೆ ಪರಲೋಕದ ತಂದೆಯನ್ನು ನಂಬುವುದು ಸುಲಭವಾಗುವುದು.